ನಾಲ್ಕು ದಿನಕ್ಕೊಮ್ಮೆ ನೀರು, ಕೊನೇ ಬೀದಿಗೆ ಅದೂ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ತೆಂಗಿನತೋಟ (ಅರಸೀಕೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಜಾವಗಲ್ ಕಡೆಯ ಒಂದು ದೊಡ್ಡ ಊರು. ಸಂತೆ ನಡೆಯುತ್ತದೆ, ಹೈಸ್ಕೂಲ್ ಇದೆ, ಆಸ್ಪತ್ರೆ ಇದೆ. ಸುಮಾರು 520 ಮನೆ, 2,200 ಜನ. ನಾನು ಸ್ತ್ರೀಶಕ್ತಿ ಸಂಘದ ಕಡೆಯಿಂದ ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಗೆ ಸೇರಿದ್ದೇನೆ. ಈ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಅಂತ ನಿಯಮ ಇದೆ. ಹೆಸರು ಬರೆಸಿಕೊಂಡು ಸುಮ್ನೆ ಕೂರುವುದಕ್ಕೆ ನನಗೆ ಮನಸ್ಸಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪರಿಸ್ಥಿತಿ ಹೀಗಿದೆ. ಮೂರು ಬೋರ್ ಇವೆ. ಒಂದು ಬತ್ತಿಹೋಗಿದೆ. ಕೆರೆ ಹಿಂದಿನದು ಚೆನ್ನಾಗಿ ಬರುತ್ತದೆ. ಇನ್ನೊಂದು ತೋಟದ ಕರೆಂಟಿನ ಲೈನಿನಲ್ಲಿದೆ, ತ್ರೀ ಫೇಸ್ ಇದ್ದಾಗ ಮಾತ್ರ ಓಡುತ್ತದೆ. 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ. ಮನೆ ಮನೆಗೆ ಗಂಗೆ (ಜಲ ಜೀವನ್ ಮಿಷನ್) ಯೋಜನೆಯಲ್ಲಿ ಎಲ್ಲರ ಬಾಗಿಲಿಗೂ ನಲ್ಲಿ ಹಾಕಿದ್ದಾರೆ. ನಲ್ಲಿ ಬಂತು, ನೀರು ಮಾತ್ರ ಮೊದಲಿನ ಹಾಗೇ. ಊರನ್ನು ನಾಲ್ಕು ಭಾಗ ಮಾಡಿ, ಒಂದೊಂದು ದಿನ ಒಂದೊಂದು ಭಾಗಕ್ಕೆ ಬಿಡುತ್ತಾರೆ. ಕೆಳಗಿನ ಪೇಟೆ ಬೀದಿಯಲ್ಲಿ ಚರಂಡಿಗೆ ಹರಿಯುವಷ್ಟು ನೀರು. ಮೇಲೆ ಕಾಲೋನಿಯಲ್ಲಿ ಒಂದು ಮನೆಗೆ ಹತ್ತು ಕೊಡ ತುಂಬುವುದರೊಳಗೆ ನಿಂತುಹೋಗುತ್ತದೆ. ಅಲ್ಲಿನ ಹೆಂಗಸರು ಕೂಲಿಗೆ ಹೋಗುವುದು ಬಿಟ್ಟು ನೀರಿಗೆ ಕಾಯುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗುವುದು ಇದೇ.

ಸಭೆಯಲ್ಲಿ ಎಲ್ಲರೂ ಹೊಸ ಬೋರ್ ಕೊರೆಸಿ ಅನ್ನುತ್ತಾರೆ. ಕೆಲವರು ಎತ್ತಿನಹೊಳೆ ಯೋಜನೆಯಲ್ಲಿ ಘಟ್ಟದ ನೀರು ಬಯಲುಸೀಮೆಗೆ ಬರಲಿ ಬಿಡಿ, ಎಲ್ಲಾ ಸರಿಹೋಗುತ್ತದೆ ಅನ್ನುತ್ತಾರೆ. ಅಲ್ಲಿಯವರೆಗೆ ಏನು ಮಾಡೋದು? ಸಮಿತಿ ಕೈಯಲ್ಲಿ ಆಗುವಂಥ ಕೆಲಸ ಯಾವುದು? ಇಂಥ ಊರಲ್ಲಿ ನೀರಿನ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಬೋರ್ ಪಾಯಿಂಟ್

ಅಕ್ಕಾ, 1,000 ಅಡಿ ಕೊರೆಸಿ. ನಮ್ಮ ಪಕ್ಕದ ಊರಲ್ಲಿ ಹಾಗೇ ಮಾಡಿದರು, ಎರಡು ಇಂಚು ನೀರು ಬಿತ್ತು. ಪಂಚಾಯಿತಿಯಲ್ಲಿ ದುಡ್ಡಿಲ್ಲ ಅಂದರೆ ಎಂಎಲ್ಎ ಕೇಳಿ. ಅಳತೆ ಸಮಿತಿ ಎಲ್ಲಾ ಟೈಮ್ ವೇಸ್ಟು.

ಹಳೇ ನೀರುಗಂಟಿ (ಚನ್ನರಾಯಪಟ್ಟಣ)

ನೋಡಮ್ಮ, ನಾನು ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡಿಯೇ ತಲೆ ಬೆಳ್ಳಗಾದವನು. ಈಗ ಬಿಡುವಿದೆ, ಅದಕ್ಕೆ ಉದ್ದವಾಗಿಯೇ ಬರೆಯುತ್ತೇನೆ.

ಹೊಸ ಬೋರಿನ ಮಾತು ಆಮೇಲೆ. ಮೊದಲು ನಿಮ್ಮ ಹತ್ತಿರ ಎಷ್ಟು ನೀರಿದೆ ಅಂತ ತಿಳಿದುಕೊಳ್ಳಿ. ಎಷ್ಟೋ ಊರಲ್ಲಿ ಇದು ಯಾರಿಗೂ ಗೊತ್ತಿರುವುದಿಲ್ಲ. 200 ಲೀಟರಿನ ಡ್ರಮ್ ತಗೊಂಡು ಹೋಗಿ. ಬೋರಿನ ಹತ್ತಿರ ಪೈಪಿನ ಜಾಯಿಂಟ್ ಬಿಚ್ಚಿಸಿ ಡ್ರಮ್ಮಿಗೆ ಬಿಡಿಸಿ. ಮೊಬೈಲಿನಲ್ಲಿ ಟೈಮ್ ನೋಡಿ. 2 ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. 4 ನಿಮಿಷ ತಗೊಂಡರೆ 3,000. ಆದರೆ ಮೋಟಾರ್ ಹಾಕಿದ ತಕ್ಷಣ ಅಳೆಯಬೇಡಿ. ರಾತ್ರಿಯೆಲ್ಲಾ ತುಂಬಿಕೊಂಡ ನೀರು ಮೊದಲು ಜೋರಾಗಿ ಬರುತ್ತದೆ. ಒಂದೆರಡು ಗಂಟೆ ಓಡಿಸಿ, ಆಮೇಲೆ ಅಳೆಯಿರಿ. ಅದೇ ನಿಜವಾದ ಲೆಕ್ಕ. ಬೋರ್ ಎಷ್ಟು ಅಡಿ, ಎಷ್ಟು ಲೆಂತ್ ಪೈಪ್ ಇಳಿಸಿದ್ದಾರೆ, ಮೋಟಾರ್ ಎಷ್ಟು ಎಚ್‌ಪಿ ಅನ್ನುವುದನ್ನೂ ಒಂದು ಪುಸ್ತಕದಲ್ಲಿ ಬರೆಸಿಡಿ. ಮೋಟಾರ್ ಸುಟ್ಟ ದಿನ ಇದೇ ಪುಸ್ತಕ ಕೈಹಿಡಿಯುತ್ತದೆ. ಇಲ್ಲದಿದ್ದರೆ ಮೇಲೆತ್ತುವವನು ಹೇಳಿದ್ದೇ ಲೆಕ್ಕ.

ಜಲ ಜೀವನ್ ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. 2,200 ಜನಕ್ಕೆ 1,21,000 ಲೀಟರ್ ಆಯಿತು. ನಿಮ್ಮ ಎರಡು ಬೋರ್ ಸೇರಿ ಎಷ್ಟು ಕೊಡುತ್ತವೆ ಅಂತ ಅದರ ಪಕ್ಕ ಬರೆಯಿರಿ. ನಿಜವಾಗಿ ಕೊರತೆ ಇದೆಯೋ, ಇರುವ ನೀರೇ ದಾರಿಯಲ್ಲಿ ಕಳೆದುಹೋಗುತ್ತಿದೆಯೋ ಅನ್ನುವುದು ಆಗ ತಿಳಿಯುತ್ತದೆ.

ದಾರಿಯಲ್ಲಿ ಕಳೆಯುವ ಜಾಗ ಎರಡು. ಒಂದು, ಬೋರಿನಿಂದ ಟ್ಯಾಂಕಿಗೆ ಏರುವ ಲೈನು. ಇದನ್ನು ಹಿಡಿಯುವುದು ಸುಲಭ. ನಲ್ಲಿ ಕಡೆಯ ವಾಲ್ವ್‌ಗಳನ್ನೆಲ್ಲಾ ಮುಚ್ಚಿಸಿ, ಮೋಟಾರ್ ಓಡಿಸಿ, ಟ್ಯಾಂಕಿನಲ್ಲಿ ನೀರು ಎಷ್ಟು ಹೊತ್ತಿಗೆ ಎಷ್ಟು ಏರಿತು ನೋಡಿ. ನಿಮ್ಮ ಟ್ಯಾಂಕ್ ದುಂಡಗಿದ್ದು ಒಳಗಿನ ಅಗಲ 5 ಮೀಟರ್ ಇದ್ದರೆ, 10 ಸೆಂಟಿಮೀಟರ್ ಏರಿದಾಗ ಸುಮಾರು 2,000 ಲೀಟರ್ ಬಿದ್ದ ಹಾಗೆ. ಇದನ್ನು ಡ್ರಮ್ಮಿನ ಲೆಕ್ಕದ ಜೊತೆ ಹೋಲಿಸಿ. ಎತ್ತರಕ್ಕೆ ಏರುವಾಗ ಸ್ವಲ್ಪ ಕಡಿಮೆ ಆಗುತ್ತದೆ, ಅದು ಸಹಜ. ಆದರೆ ಕಾಲು ಭಾಗವೇ ಕಾಣೆಯಾಗಿದ್ದರೆ ಲೈನಿನುದ್ದಕ್ಕೂ ನಡೆದು ನೋಡಿ. ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುವ ಜಾಗ, ತೋಟದ ಬೇಲಿ ಪಕ್ಕ ಮಣ್ಣು ಕೆದಕಿದ ಗುರುತು, ದನದ ತೊಟ್ಟಿ ಯಾವಾಗಲೂ ತುಂಬಿರುವ ಕಡೆ. ಇವಿಷ್ಟನ್ನು ನೋಡಿದರೆ ಸಾಕು.

ಎರಡನೆಯದು, ಟ್ಯಾಂಕಿನಿಂದ ಕೆಳಗೆ. ರಾತ್ರಿ ಟ್ಯಾಂಕ್ ತುಂಬಿಸಿ ಎಲ್ಲಾ ವಾಲ್ವ್ ಮುಚ್ಚಿ ಮಲಗಿ. ಬೆಳಿಗ್ಗೆ ನೀರು ಇಳಿದಿದ್ದರೆ ಟ್ಯಾಂಕ್ ಸೋರುತ್ತಿದೆ, ಇಲ್ಲವೇ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಗೇಟ್‌ವಾಲ್ವ್ ಒಳಗೆ ಕಲ್ಲು ಮಣ್ಣು ಸಿಕ್ಕಿಕೊಂಡರೆ ಚಕ್ರ ಪೂರ್ತಿ ತಿರುಗಿದರೂ ನೀರು ದಾಟುತ್ತಲೇ ಇರುತ್ತದೆ. ಕೆಳಗಿನ ಬೀದಿಗೆ ಇಡೀ ರಾತ್ರಿ ಅದು ಹರಿಯುತ್ತದೆ, ನಿಮ್ಮ ನೀರುಗಂಟಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಕಾಲೋನಿಯ ವಿಷಯ. ನೀರು ಇಳಿಜಾರಿನ ಕಡೆಗೇ ಓಡುವುದು. ಪೇಟೆ ಬೀದಿಯ ವಾಲ್ವ್ ಪೂರ್ತಿ ತೆರೆದರೆ ಮೇಲಿನವರಿಗೆ ಪ್ರೆಶರ್ ಉಳಿಯುವುದಿಲ್ಲ. ಕೆಳಗಿನ ವಾಲ್ವ್ ಎಷ್ಟು ಸುತ್ತು ತೆರೆಯಬೇಕು ಅಂತ ಒಂದು ಲೆಕ್ಕ ಗೊತ್ತುಮಾಡಿ. ಎರಡು ಸುತ್ತೋ ಮೂರು ಸುತ್ತೋ, ಬಿಟ್ಟು ನೋಡಿಯೇ ಕಂಡುಕೊಳ್ಳಬೇಕು. ಕಾಲೋನಿಯ ಸರದಿಯಲ್ಲಿ ಬೇರೆ ಯಾವ ವಾಲ್ವೂ ತೆರೆದಿರಬಾರದು. ಟ್ಯಾಂಕ್ ತುಂಬಿರುವಾಗಲೇ ಅವರಿಗೆ ಬಿಡಬೇಕು. ಅರ್ಧ ಖಾಲಿಯಾದ ಮೇಲೆ ಬಿಟ್ಟರೆ ಪ್ರೆಶರ್ ಇರುವುದಿಲ್ಲ. ಎಷ್ಟೋ ಕಡೆ ಕೊನೆಯ ಬೀದಿಗೆ ಕೊನೆಯಲ್ಲೇ ಬಿಡುತ್ತಾರೆ. ಅಲ್ಲಿ ಯಾರ ಮನೆಗಳಿವೆ ಅನ್ನುವುದು ಎಲ್ಲರಿಗೂ ಗೊತ್ತು. ಇದನ್ನು ಮೊದಲು ಬದಲಾಯಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆ ಹುಡುಗ 1,000 ಅಡಿ ಅಂತ ಬರೆದಿದ್ದಾನೆ. ನೀರು ಬಿದ್ದರೂ ಬೀಳಬಹುದಪ್ಪ. ಆದರೆ ಅದೂ ಇದೇ ಪೈಪಿನಲ್ಲಿ, ಇದೇ ವಾಲ್ವಿನಲ್ಲಿ ಹರಿಯಬೇಕಲ್ಲ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಹತ್ತಿರ ಚಾಲನೆ ಕೊಟ್ಟರು. ಆ ನೀರು ನಿಮ್ಮ ಟ್ಯಾಂಕಿಗೆ ಬಂದ ದಿನವೂ ಪೇಟೆ ಬೀದಿ ಚರಂಡಿಗೇ ಹರಿದರೆ ಕಾಲೋನಿಗೆ ಏನು ಸಿಕ್ಕಿತು?

ಕಡೂರು ಮೇಷ್ಟ್ರು

ನೀರುಗಂಟಿಯವರ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ಎರಡು ವಿಷಯ ಸೇರಿಸುತ್ತೇನೆ.

ಅರಸೀಕೆರೆ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ನಮ್ಮ ಕಡೂರು ಬಯಲಿನಲ್ಲೂ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅಂತ ಮಾನದಂಡ ಇದೆ. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುತ್ತದೆ. ವರ್ಷಗಟ್ಟಲೆ ಕುಡಿದವರಿಗೆ ಕೀಲು, ಬೆನ್ನು ಹಿಡಿದುಕೊಳ್ಳುತ್ತದೆ. ನನ್ನ ಕ್ಲಾಸಿನಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ನೋಡುತ್ತಲೇ ಇದ್ದೇನೆ. ಸಂಕಟವಾಗುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ. ಇದನ್ನು ಮನೆಮನೆಗೆ ಹೇಳಬೇಕು. ಬೋರ್ ಆಳಕ್ಕೆ ಹೋದಂತೆ ಫ್ಲೋರೈಡ್ ಜಾಸ್ತಿಯಾಗುವ ಕಡೆಗಳೂ ಇವೆ. ಹಾಗಾಗಿ 1,000 ಅಡಿ ಅಂದ ತಕ್ಷಣ ಕುಣಿಯಬೇಡಿ. ಕೊರೆಸಿದರೂ ಪರೀಕ್ಷೆ ಮಾಡಿಸದೆ ಲೈನಿಗೆ ಸೇರಿಸಬೇಡಿ.

ಪರೀಕ್ಷೆಗೆ ಹೊರಗೆ ಓಡಾಡಬೇಕಾಗಿಲ್ಲ. ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತ ಜಲ ಜೀವನ್ ಮಿಷನ್ ಯೋಜನೆಯಲ್ಲೇ ಇದೆ. ನಿಮ್ಮ ಊರಿನ ಕಿಟ್ ಎಲ್ಲಿದೆ ಅಂತ ಪಿಡಿಒ ಅವರನ್ನು ಕೇಳಿ. ಎಷ್ಟೋ ಕಡೆ ಅದು ಬೀರುವಿನಲ್ಲೇ ಇರುತ್ತದೆ. ಒಳಗಿನ ಔಷಧಿಯ ಅವಧಿ ಮುಗಿದಿದೆಯಾ ನೋಡಿ. ಕಿಟ್ಟಿನಲ್ಲಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಬಾಟಲಿ ಕಳಿಸಿ.

ಎರಡನೆಯದು ಮಳೆ ನೀರು. ಕುಡಿಯುವುದಕ್ಕೆ, ಅಡುಗೆಗೆ ಬೇಕಾಗುವುದು ಒಬ್ಬರಿಗೆ ದಿನಕ್ಕೆ ಕೆಲವೇ ಲೀಟರ್. ಅಷ್ಟನ್ನು ಸೂರಿನಿಂದ ಹಿಡಿಯಬಹುದು. ನಮ್ಮ ಬಯಲುಸೀಮೆಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಕಡಿಮೆಯೇ ಹಿಡಿಯಿರಿ. 100 ಚದರ ಮೀಟರ್ ಸೂರಿನ ಮೇಲೆ 60,000 ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ಹೋಯಿತು ಅಂದರೂ 48,000 ಲೀಟರ್ ಕೈಗೆ ಸಿಗುತ್ತದೆ. ಸುವರ್ಣ ಜಲ ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ತೊಟ್ಟಿ ಕಟ್ಟಿದ್ದರು, ನೆನಪಿದೆಯಾ? ಅವುಗಳಲ್ಲಿ ಎಷ್ಟೋ ಹಾಳುಬಿದ್ದಿವೆ. ನಮ್ಮ ಶಾಲೆಯದನ್ನು ನಾವು ತೊಳೆಸಿ, ದೋಣಿ ಪೈಪ್ ಬದಲಾಯಿಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ಮುಚ್ಚಳದ ಪೈಪ್ ಹಾಕಿದೆವು. ಮಕ್ಕಳು ಈಗ ಅದನ್ನೇ ಕುಡಿಯುತ್ತಾರೆ. ನಿಮ್ಮ ಹೈಸ್ಕೂಲಿನ ಹಿಂದೆ ಹೋಗಿ ನೋಡಿ, ಅಲ್ಲೂ ಒಂದು ತೊಟ್ಟಿ ಇರಬಹುದು.

ಇನ್ನೊಂದು ಎಚ್ಚರಿಕೆ. ಶುದ್ಧ ನೀರಿನ ಘಟಕ ಇದ್ದರೆ ಅದರಿಂದ ಹೊರಬರುವ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಒಳ್ಳೆಯ ನೀರು ಬಂದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಅದು ಬರುತ್ತದೆ. ಉಪ್ಪು, ಫ್ಲೋರೈಡ್ ಎಲ್ಲಾ ಅದರಲ್ಲೇ ಗಟ್ಟಿಯಾಗಿ ಸೇರಿರುತ್ತದೆ. ಇಂಗುಗುಂಡಿಗೆ ಬಿಟ್ಟರೆ ಮತ್ತೆ ನಿಮ್ಮ ಬೋರಿಗೇ ಬರುತ್ತದೆ. ಶೌಚಾಲಯಕ್ಕೆ, ನೆಲ ತೊಳೆಯುವುದಕ್ಕೆ ಬಳಸಿ.

ಮೂಡಿಗೆರೆ ಕಾಫಿ

ಬಯಲುಸೀಮೆಯವರು ನಮ್ಮನ್ನು ನೋಡಿ ನಿಮಗೇನು ಬಿಡಿ, ಮಳೆನಾಡು ಅನ್ನುತ್ತಾರೆ. ಹೇಮಾವತಿ ಹುಟ್ಟುವ ಜಾವಳಿ ನಮ್ಮ ತಾಲ್ಲೂಕಿನಲ್ಲೇ ಇದೆ. ಆದರೂ ಮಾರ್ಚ್‌ನಲ್ಲಿ ನಮ್ಮ ಊರಿನ ನಲ್ಲಿಯೂ ಬತ್ತುತ್ತದೆ.

ನಮ್ಮಲ್ಲಿ ಬೋರಿಗಿಂತ ಗುಡ್ಡದ ಹಳ್ಳದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರೇ ಜಾಸ್ತಿ. ಕರೆಂಟ್ ಬೇಡ, ಮೋಟಾರ್ ಬೇಡ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಬೇಕು. ಆಮೇಲೆ ಬ್ಯಾಕಿಂಗ್‌ಗೆ, ಅಂದರೆ ಹೂ ಬಿಟ್ಟ ಮೇಲೆ ಕಾಯಿ ಕಟ್ಟಲು, ಮತ್ತೆ ಒಂದು ಸಲ. ಎಲ್ಲಾ ತೋಟದವರೂ ಒಂದೇ ವಾರ ಹಳ್ಳಕ್ಕೆ ಡೀಸೆಲ್ ಪಂಪ್ ಇಟ್ಟರೆ ಕೆಳಗಿನ ಊರಿಗೆ ಏನು ಉಳಿಯುತ್ತದೆ? ನಾನೂ ತೋಟದವನೇ, ಹೂ ಕಟ್ಟದಿದ್ದರೆ ವರ್ಷದ ಬೆಳೆಯೇ ಹೋಯಿತು ಅನ್ನುವ ಭಯ ನನಗೂ ಇದೆ. ನಮ್ಮೂರಲ್ಲಿ ಜನವರಿಯಲ್ಲೇ ತೋಟದವರನ್ನೆಲ್ಲಾ ಪಂಚಾಯಿತಿಗೆ ಕರೆದು ಕೂರಿಸುತ್ತೇವೆ. ಯಾರು ಯಾವ ದಿನ ಪಂಪ್ ಇಡುವುದು ಅಂತ ಬರೆದುಕೊಳ್ಳುತ್ತೇವೆ. ಬೆಳಗಿನ ಜಾವದಿಂದ ಒಂಬತ್ತರವರೆಗೆ ಯಾರೂ ಹಳ್ಳ ಮುಟ್ಟಬಾರದು, ಅದು ಊರಿನ ನೀರಿನ ಹೊತ್ತು. ಸ್ವಂತ ಕೆರೆ ಇರುವವರು ಮಳೆಗಾಲದಲ್ಲೇ ತುಂಬಿಸಿಟ್ಟುಕೊಂಡು ಅದರಿಂದಲೇ ಹೊಡೆಯಬೇಕು. ಇದಕ್ಕೆ ಯಾವ ಆದೇಶವೂ ಇಲ್ಲ, ಊರಿನ ಮಾತು ಅಷ್ಟೇ. ಒಪ್ಪದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೂ ನಡೆಯುತ್ತಿದೆ.

ನಿಮ್ಮಲ್ಲೂ ಕೆರೆ ಹಿಂದಿನ ಬೋರಿನ ಸುತ್ತ ತೋಟದ ಬೋರ್‌ಗಳು ಎಷ್ಟಿವೆ ಅಂತ ನೋಡಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ, ಬೋರ್ ತೆಗೆಯಬಾರದು ಅಂತ ಕರ್ನಾಟಕದಲ್ಲಿ 1999ರ ಕಾಯ್ದೆ ಇದೆ. ಬೋರ್ ಲಾರಿ ಬರುವ ಮೊದಲೇ ಪಂಚಾಯಿತಿಗೆ ಅದು ಗೊತ್ತಿರಬೇಕು. ಕೊರೆದಾದ ಮೇಲೆ ಮುಚ್ಚಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ.

ತೆಂಗಿನತೋಟ (ಅರಸೀಕೆರೆ ತಾಲ್ಲೂಕು)

ಎಲ್ಲರಿಗೂ ತುಂಬಾ ಧನ್ಯವಾದ. ನೀರುಗಂಟಿ ಅಣ್ಣ ಹೇಳಿದ ಹಾಗೇ ಮಾಡಿದೆವು. ನಮ್ಮ ಸಂಘದವರು, ಊರಿನ ವಾಟರ್‌ಮನ್, ಹೈಸ್ಕೂಲಿನ ಒಬ್ಬ ಮೇಷ್ಟ್ರು ಸೇರಿಕೊಂಡೆವು.

ಕೆರೆ ಹಿಂದಿನ ಬೋರ್ 200 ಲೀಟರ್ ತುಂಬಲು ಎರಡೂವರೆ ನಿಮಿಷ ತಗೊಂಡಿತು. ಗಂಟೆಗೆ 4,800 ಲೀಟರ್ ಆಯಿತು. ಅದು ದಿನಕ್ಕೆ 16 ಗಂಟೆ ಓಡುತ್ತದೆ. ಇನ್ನೊಂದು ಗಂಟೆಗೆ 3,000, ದಿನಕ್ಕೆ 7 ಗಂಟೆ. ಎರಡೂ ಸೇರಿ 97,800 ಲೀಟರ್. ತಲೆಗೆ ಲೆಕ್ಕ ಹಾಕಿದರೆ 44 ಲೀಟರ್. 55 ಇಲ್ಲ, ನಿಜ. ಆದರೆ ನಾಲ್ಕು ದಿನಕ್ಕೊಮ್ಮೆ ಬಿಡುವುದಾದರೂ ಒಂದು ಮನೆಗೆ ಒಂದು ಸರದಿಗೆ 700 ಲೀಟರಿಗೂ ಜಾಸ್ತಿ ಸಿಗಬೇಕು. ಕಾಲೋನಿಯಲ್ಲಿ ಹತ್ತು ಕೊಡ ಅಂದರೆ 150 ಲೀಟರ್. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದಾಗ ಸಭೆಯಲ್ಲಿ ಗಲಾಟೆಯೇ ನಿಂತುಹೋಯಿತು. ಹೊಸ ಬೋರ್ ಅಂತ ಕೂಗುತ್ತಿದ್ದವರೂ ಸುಮ್ಮನೆ ಅದನ್ನೇ ನೋಡುತ್ತಾ ಕೂತರು.

ರಾತ್ರಿ ವಾಲ್ವ್ ಮುಚ್ಚಿ ನೋಡಿದರೆ ಬೆಳಿಗ್ಗೆ ಟ್ಯಾಂಕಿನಲ್ಲಿ 40 ಸೆಂಟಿಮೀಟರ್ ಇಳಿದಿತ್ತು. ಅಂದರೆ ಸುಮಾರು 8,000 ಲೀಟರ್. ಪೇಟೆ ಬೀದಿಯ ವಾಲ್ವ್ ಕೂರುತ್ತಿರಲಿಲ್ಲ. ಬಿಚ್ಚಿದರೆ ಒಳಗೆ ಜಲ್ಲಿ ಸಿಕ್ಕಿತ್ತು, ಪೈಪ್ ಹಾಕಿದ ಕಾಲದ್ದೇ ಇರಬೇಕು. ಬದಲಾಯಿಸಿದ್ದೇವೆ. ಟ್ಯಾಂಕಿಗೆ ಏರುವ ಲೈನಿನಲ್ಲೂ ಎರಡು ಕಡೆ ತೋಟಕ್ಕೆ ಪೈಪ್ ಎಳೆದುಕೊಂಡಿದ್ದರು. ಜಗಳ ಆಯಿತು. ಅವರಲ್ಲೊಬ್ಬರು ನಮ್ಮ ದಾಯಾದಿಗಳೇ. ತೆಂಗಿನ ಸಸಿ ಒಣಗುತ್ತಿದೆ ಅಂತ ಅವರೂ ಕಣ್ಣೀರು ಹಾಕಿದರು. ಅವರ ಕಷ್ಟ ಸುಳ್ಳಲ್ಲ. ಆದರೆ ಕುಡಿಯುವ ನೀರು ಮೊದಲು ಅಂತ ಸಮಿತಿ ಗಟ್ಟಿಯಾಗಿ ನಿಂತಿತು. ಪೈಪ್ ತೆಗೆಸಿದೆವು.

ಕಾಲೋನಿಗೆ ಈಗ ತುಂಬಿದ ಟ್ಯಾಂಕಿನಿಂದ ಬೆಳಗಿನ ಐದಕ್ಕೇ ಬಿಡುತ್ತೇವೆ. ಎರಡು ಡ್ರಮ್ಮಿನ ಮೇಲೆ ಸಿಗುತ್ತಿದೆ. ಮೊದಲು ಹತ್ತು ಕೊಡ ಇದ್ದದ್ದಕ್ಕೆ ಇದು ದೊಡ್ಡದೇ. ಆದರೆ ತುದಿಯ ಆರು ಮನೆಗೆ ಇನ್ನೂ ನೀರು ಏರುತ್ತಿಲ್ಲ. ನಲ್ಲಿ ತೆರೆದರೆ ಮೊದಲು ಗಾಳಿಯೇ ಬುಸ್ ಅಂತ ಬರುತ್ತದೆ.

ಇನ್ನೂ ಕೆಲವು ಪ್ರಶ್ನೆ ಉಳಿದಿವೆ. ಪೇಟೆ ಬೀದಿಯಲ್ಲಿ ನಲ್ಲಿಗೇ ಮೋಟಾರ್ ಹಾಕಿ ಎಳೆಯುತ್ತಾರೆ, ಏನು ಮಾಡಬೇಕು? ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ವಾಟರ್‌ಮನ್ ಒಂದು ಹಿಡಿ ಅನ್ನುತ್ತಾರೆ. ನೀರಿನ ಕಂದಾಯ ಕೇಳಿದರೆ ಮೊದಲು ನೀರು ಕೊಡಿ ಅನ್ನುತ್ತಾರೆ. ಕೆರೆ ಹೂಳು ತೆಗೆಸೋಣ ಅಂತಲೂ ಮಾತಿದೆ.

ಹಳೇ ನೀರುಗಂಟಿ (ಚನ್ನರಾಯಪಟ್ಟಣ)

ಬಹಳ ಸಂತೋಷ ಆಯಿತಮ್ಮ. ದಾಯಾದಿಗಳ ಪೈಪ್ ತೆಗೆಸುವುದು ಸಣ್ಣ ಮಾತಲ್ಲ.

ನಲ್ಲಿಗೆ ಮೋಟಾರ್ ಹಾಕುವುದು ಬರೀ ನೀರು ಕದಿಯುವ ವಿಷಯ ಅಲ್ಲ. ಇದನ್ನು ಬೀದಿಯವರಿಗೆ ಬಿಡಿಸಿ ಹೇಳಿ. ಮೋಟಾರ್ ಪೈಪಿನ ಒಳಗಿನ ನೀರನ್ನು ಹೀರುತ್ತದೆ. ಎಲ್ಲಾದರೂ ಸಣ್ಣ ಬಿರುಕು ಇದ್ದು, ಆ ಜಾಗ ಚರಂಡಿಯಲ್ಲಿದ್ದರೆ ಚರಂಡಿ ನೀರೂ ಒಳಗೆ ಬರುತ್ತದೆ. ಪಕ್ಕದ ಮನೆಯ ಕೂಸಿಗೆ ವಾಂತಿ ಭೇದಿ ಆಗುವುದು ಹೀಗೆ. ಕೆಲವು ಊರಲ್ಲಿ ನೀರು ಬಿಡುವ ಹೊತ್ತಿಗೆ ಕರೆಂಟ್ ತೆಗೆಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಓದುವ ಮಕ್ಕಳಿಗೂ ಮನೆಯಲ್ಲಿ ಮಲಗಿರುವ ರೋಗಿಗಳಿಗೂ ತೊಂದರೆ. ಬದಲಿಗೆ ಪ್ರತಿ ಮನೆಯ ಕನೆಕ್ಷನ್ ಬಾಯಿಗೆ ಒಂದೇ ಅಳತೆಯ ಫೆರೂಲ್ (ಸಣ್ಣ ತೂತಿನ ಜೋಡಣೆ) ಹಾಕಿಸಿ. ಸಣ್ಣ ತೂತಿನಿಂದ ಎಷ್ಟು ಎಳೆದರೂ ಅಷ್ಟೇ ಬರುವುದು. ಮೋಟಾರ್ ಹಿಡಿಯುವುದಕ್ಕೆ ಗಂಡಸರನ್ನು ಕಳಿಸಿದರೆ ಹೊಡೆದಾಟ ಆಗುತ್ತದೆ. ನಮ್ಮಲ್ಲಿ ಸಂಘದ ಹೆಂಗಸರು ನಾಲ್ಕು ಜನ ಸೇರಿ ನೀರು ಬಿಡುವ ಹೊತ್ತಿಗೆ ಬೀದಿಯಲ್ಲಿ ನಡೆದು ಬರುತ್ತಿದ್ದರು. ಬೈಯುವುದಿಲ್ಲ, ಮೋಟಾರ್ ಸದ್ದು ಬಂದ ಮನೆ ಮುಂದೆ ನಿಂತುಕೊಳ್ಳುವುದು ಅಷ್ಟೇ. ತಾನಾಗಿ ಆಫ್ ಆಗುತ್ತಿತ್ತು.

ಬ್ಲೀಚಿಂಗ್ ಪೌಡರ್ ಹಿಡಿ ಲೆಕ್ಕದಲ್ಲಿ ಹಾಕಬಾರದು. ಪೌಡರ್ ಹೊಸದಾಗಿದ್ದರೆ 1,000 ಲೀಟರಿಗೆ ಎರಡೂವರೆ ಗ್ರಾಂ. 50,000 ಲೀಟರಿಗೆ 125 ಗ್ರಾಂ ಆಯಿತು. ಬಾಯಿ ಬಿಟ್ಟ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಪೌಡರಿಗೆ ಶಕ್ತಿ ಇರುವುದಿಲ್ಲ, ಬರೀ ಸುಣ್ಣ ಉಳಿದಿರುತ್ತದೆ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ನೀರು ಮಾತ್ರ ಟ್ಯಾಂಕಿಗೆ ಸುರಿಯಬೇಕು. ಒಂದು ಗಂಟೆ ಬಿಟ್ಟು ನಲ್ಲಿಗೆ ಬಿಡಿ. ಸರಿಯಾಗಿದೆಯಾ ಅಂತ ನೋಡುವುದು ಟ್ಯಾಂಕಿನ ಹತ್ತಿರ ಅಲ್ಲ, ಕಾಲೋನಿಯ ಕೊನೇ ನಲ್ಲಿಯಲ್ಲಿ. ಕ್ಲೋರೋಸ್ಕೋಪ್‌ನಲ್ಲಿ (ನೀರಿನಲ್ಲಿರುವ ಕ್ಲೋರಿನ್ ನೋಡುವ ಪುಟ್ಟ ಸಾಧನ) ಆ ನೀರಿಗೆ ಔಷಧಿ ಹನಿ ಬಿಟ್ಟರೆ ತೆಳು ಹಳದಿ ಬಣ್ಣ ಬರಬೇಕು. ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಅಲ್ಲಿ ಉಳಿದಿರಬೇಕು. ಬಣ್ಣವೇ ಬರದಿದ್ದರೆ ಪ್ರಮಾಣ ಸ್ವಲ್ಪ ಏರಿಸಿ ಮತ್ತೆ ನೋಡಿ.

ಕಂದಾಯದ ಮಾತು. ಮೊದಲು ಖರ್ಚು ತೋರಿಸಿ. ಕರೆಂಟ್ ಬಿಲ್ ಎಷ್ಟು, ಮೋಟಾರ್ ರಿಪೇರಿಗೆ ಎಷ್ಟು, ವಾಟರ್‌ಮನ್ ಸಂಬಳ ಎಷ್ಟು, ಕಂದಾಯ ಬಂದದ್ದು ಎಷ್ಟು. ಹಾಲಿನ ಡೇರಿ ಗೋಡೆಯ ಮೇಲೆ ತಿಂಗಳಿಗೊಮ್ಮೆ ಬರೆಸಿ, ಬೆಳಿಗ್ಗೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ. ಕಾಲೋನಿಗೆ ನೀರು ಸರಿಯಾಗುವವರೆಗೆ ಅವರ ಹತ್ತಿರ ಕೇಳಬೇಡಿ, ಪೇಟೆ ಬೀದಿಯಿಂದ ಶುರು ಮಾಡಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಅಂತ ಇಟ್ಟಿದ್ದರು. ನಿಮ್ಮ ಪಂಚಾಯಿತಿಯಲ್ಲಿ ಅದು ಯಾವುದಕ್ಕೆ ಖರ್ಚಾಗಿದೆ ಅಂತ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಆ ದುಡ್ಡಿನಲ್ಲಿ ಪ್ಯಾನಲ್ ಬೋರ್ಡಿಗೆ ಡ್ರೈ ರನ್ ಪ್ರಿವೆಂಟರ್ ಹಾಕಿಸಬಹುದಿತ್ತು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಮೋಟಾರ್ ಒಣ ಓಡಿ ಸುಡುವುದು ಅದರಿಂದ ತಪ್ಪುತ್ತದೆ.

ಕೆರೆ ಹೂಳಿಗಿಂತ ಮೊದಲು ಕಾಲುವೆ ನೋಡಿ. ಕೆರೆಗೆ ನೀರು ತರುವ ಹಳ್ಳ, ಕಾಲುವೆ ಮುಚ್ಚಿಹೋಗಿದ್ದರೆ ಎಷ್ಟು ಆಳ ತೆಗೆದರೂ ಅದು ಒಣ ಗುಂಡಿ. ಮಳೆ ಬರುವಾಗ ಛತ್ರಿ ಹಿಡಿದು ಕಾಲುವೆ ಜಾಡಿನಲ್ಲೇ ನಡೆಯಿರಿ. ನೀರು ಎಲ್ಲಿ ಅಡ್ಡ ತಿರುಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಎಲ್ಲೋ ರಸ್ತೆ ಮಾಡುವಾಗ ಮೋರಿ ಇಡದೆ ಹೋಗಿರುತ್ತಾರೆ, ಎಲ್ಲೋ ಒತ್ತುವರಿ ಆಗಿರುತ್ತದೆ, ಎಲ್ಲೋ ಜಾಲಿ ಬೆಳೆದಿರುತ್ತದೆ. ಜಾಲಿ ಕಡಿಸುವುದು ಒಂದು ವಾರದ ಕೆಲಸ. ಒತ್ತುವರಿಗೆ ಸರ್ವೆ ಮಾಡಿಸಿ ಅಂತ ತಹಸೀಲ್ದಾರರಿಗೆ ಈಗಲೇ ಅರ್ಜಿ ಕೊಡಿ, ಅದು ನಿಧಾನ. ಹೂಳು ತೆಗೆದರೆ ತೆಂಗಿನ ಬುಡಕ್ಕೆ ಹಾಕಲು ರೈತರೇ ಟ್ರ್ಯಾಕ್ಟರ್ ತರುತ್ತಾರೆ. ಆ ದಾಯಾದಿಗಳಿಗೂ ಒಂದಿಷ್ಟು ಲೋಡ್ ಕೊಡಿಸಿ, ಮನಸ್ತಾಪ ಕರಗಲಿ. ಹೂಳಿನ ಕೆಳಗಿನ ಗಟ್ಟಿ ಮಣ್ಣಿಗೆ ಜೆಸಿಬಿ ಬಾಯಿ ಹಾಕಲು ಬಿಡಬೇಡಿ. ಮಣ್ಣು ಮಾರುವವರು ಬಂದೇ ಬರುತ್ತಾರೆ. ಏರಿಯ ಬುಡದಲ್ಲಂತೂ ಯಾರೂ ಅಗೆಯಬಾರದು.

ಬತ್ತಿದ ಬೋರನ್ನು ಮಣ್ಣು ತುಂಬಿ ಮುಚ್ಚಿಬಿಡಬೇಡಿ. ಬಾಯಿಗೆ ಮಕ್ಕಳು ಬೀಳದ ಹಾಗೆ ಗಟ್ಟಿ ಮುಚ್ಚಳ ಹಾಕಿಸಿ. ಸುತ್ತ ಗುಂಡಿ ತೋಡಿ, ಕೇಸಿಂಗ್‌ಗೆ ತೂತು ಮಾಡಿ ಮೆಶ್ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿಸಿ ಮಳೆ ನೀರು ಇಂಗಿಸುವುದನ್ನು ಚಿತ್ರದುರ್ಗ ಕಡೆ ಬಹಳ ಮಾಡಿದ್ದಾರೆ. ಆದರೆ ಊರಿನ ಚರಂಡಿ ನೀರು, ಗೊಬ್ಬರ ಹಾಕಿದ ತೋಟದ ನೀರು ಅದಕ್ಕೆ ಸೇರಬಾರದು. ಶಾಲೆಯ ಸೂರಿನ ನೀರು ಸಿಕ್ಕರೆ ಒಳ್ಳೆಯದು.

ಕೊನೆಯ ಆರು ಮನೆಯ ವಿಷಯ. ಗಾಳಿ ಬರುತ್ತದೆ ಅಂದರೆ ಲೈನಿನ ಏರು ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿದೆ, ಅದು ನೀರಿಗೆ ದಾರಿ ಬಿಡುತ್ತಿಲ್ಲ. ಟ್ಯಾಂಕಿನಿಂದ ಕಾಲೋನಿಗೆ ಹೋಗುವ ಪೈಪಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದು ನೋಡಿ. ಅಲ್ಲಿ ಒಂದು ಏರ್ ವಾಲ್ವ್ ಹಾಕಿಸಿ. ದೊಡ್ಡ ಖರ್ಚಲ್ಲ, ಹಾಸನದಲ್ಲಿ ಪೈಪ್ ಅಂಗಡಿಗಳಲ್ಲಿ ಸಿಗುತ್ತದೆ. ಹಾಕಿದ ಮೇಲೂ ಏರದಿದ್ದರೆ ಆ ಆರು ಮನೆಗೆ ಒಂದು ಮಿನಿ ಟ್ಯಾಂಕ್ ಇಡಬೇಕಾಗುತ್ತದೆ. ರಾತ್ರಿ ಬೇರೆ ವಾಲ್ವ್ ಎಲ್ಲಾ ಮುಚ್ಚಿರುವಾಗ ಅದು ತುಂಬಿಕೊಳ್ಳುತ್ತದೆ. ಪೈಪ್ ಎಷ್ಟು ಇಂಚಿನದು, ಟ್ಯಾಂಕಿನಿಂದ ಆ ಮನೆಗಳಿಗೆ ಎಷ್ಟು ದೂರ ಅಂತ ಬರೆಯಿರಿ. ಉಳಿದದ್ದು ನೋಡಿ ಹೇಳುತ್ತೇನೆ.

ತೆಂಗಿನತೋಟ (ಅರಸೀಕೆರೆ ತಾಲ್ಲೂಕು)

ಅಣ್ಣಾ, ಎರಡೂವರೆ ಇಂಚಿನ ಪೈಪ್. ಟ್ಯಾಂಕಿನಿಂದ ಸುಮಾರು 700 ಮೀಟರ್ ದೂರ. ಮಾರಮ್ಮನ ಗುಡಿ ಹತ್ತಿರ ಏರು ಇದೆ, ಅಲ್ಲಿ ಯಾವ ವಾಲ್ವೂ ಇಲ್ಲ. ಗುರುವಾರ ಪ್ಲಂಬರ್ ಬರುತ್ತಾರೆ, ಏರ್ ವಾಲ್ವ್ ಹಾಕಿಸಿ ನೋಡುತ್ತೇವೆ. ಕಡೂರು ಮೇಷ್ಟ್ರೇ, ನಮ್ಮ ಹೈಸ್ಕೂಲಿನ ಹಿಂದೆಯೂ ತೊಟ್ಟಿ ಇದೆ. ಮುಚ್ಚಳ ಒಡೆದಿದೆ, ಒಳಗೆ ಗಿಡ ಬೆಳೆದಿದೆ. ಗೋಡೆ ಬಿರುಕು ಬಿಟ್ಟಿಲ್ಲ. ಮಳೆಗೆ ಮೊದಲು ಸರಿಮಾಡಿಸಬೇಕು ಅಂದುಕೊಂಡಿದ್ದೇವೆ. ಆ ಮೊದಲ ಮಳೆ ನೀರು ಹೊರಬಿಡುವ ಪೈಪಿನ ಫೋಟೋ ಇದ್ದರೆ ಹಾಕಿ.